ಒಳಗೆ ಕೈ ಹಿಡಿಯೋರು ಯಾರು?

ಕುಬಸ ಮುಗಿದು ಎಂಟನೇ ತಿಂಗಳು ಹತ್ತಿರ ಬಂತೆಂದರೆ ನಮ್ಮ ಕಡೆ ಮನೆಮನೆಯಲ್ಲೂ ಒಂದು ಚೀಲ ತಯಾರಾಗುತ್ತದೆ. ತಾಯಿ ಕಾರ್ಡ್, ಆಧಾರ್, ಸ್ಕ್ಯಾನಿಂಗ್ ರಿಪೋರ್ಟು, ರೇಷನ್ ಕಾರ್ಡಿನ ಜೆರಾಕ್ಸ್, ಮೆತ್ತಗಿನ ಹಳೇ ಕಾಟನ್ ಸೀರೆ, ಕೂಸಿಗೆ ಕುಲಾಯಿ, ಬಿಸಿನೀರಿಗೆ ಫ್ಲಾಸ್ಕು. ಯಾರ ಗಾಡಿಯಲ್ಲಿ ಹೋಗೋದು, ರಾತ್ರಿ ಊಟ ಯಾರು ತರೋದು, ರಕ್ತ ಬೇಕಾದರೆ ಯಾರಿಗೆ ಫೋನ್ ಮಾಡೋದು ಅನ್ನುವುದೂ ಮಾತಾಗಿರುತ್ತದೆ. ಒಂದು ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ: ಬೇನೆ ಶುರುವಾದ ಮೇಲೆ, ಹೆರಿಗೆ ಕೋಣೆಯ ಬಾಗಿಲು ಮುಚ್ಚಿದ ಮೇಲೆ, ಆ ಹತ್ತು ಹನ್ನೆರಡು ಗಂಟೆ ಅವಳ ಪಕ್ಕದಲ್ಲಿ ಯಾರಿರುತ್ತಾರೆ?

ಡಾಕ್ಟರು ಇರ್ತಾರಲ್ಲ, ಸಿಸ್ಟರ್ ಇರ್ತಾರಲ್ಲ ಅಂತೀರಿ. ಇರ್ತಾರೆ, ನಿಜ. ಆದರೆ ಒಬ್ಬ ಸಿಸ್ಟರ್ ಒಂದೇ ರಾತ್ರಿ ಐದಾರು ಗರ್ಭಿಣಿಯರನ್ನು ನೋಡಬೇಕು, ಬಿಪಿ ಬರೀಬೇಕು, ಡ್ರಿಪ್ ಹಾಕಬೇಕು, ಹುಟ್ಟಿದ ಕೂಸನ್ನು ನೋಡಬೇಕು, ರಿಜಿಸ್ಟರ್ ತುಂಬಬೇಕು. ಒಬ್ಬಳ ಬೆನ್ನು ಸವರುತ್ತಾ ಕೂರಲು ಆ ತಾಯಿಗೆ ಎಲ್ಲಿಂದ ಬರಬೇಕು ಬಿಡುವು? ಅಮ್ಮ, ಅತ್ತೆ ಇಬ್ಬರೂ ವರಾಂಡದಲ್ಲಿ ಗೋಡೆಗೆ ಒರಗಿ ದೇವರ ಹೆಸರು ಹೇಳುತ್ತಾ ಕೂತಿರುತ್ತಾರೆ. ಗಂಡ ಗೇಟಿನ ಹತ್ತಿರ ಚಹಾ ಕುಡಿಯುತ್ತಾ ಫೋನಿಗೆ ಉತ್ತರ ಹೇಳುತ್ತಿರುತ್ತಾನೆ. ಇಡೀ ಬಳಗವೇ ಬಂದಿದ್ದರೂ ಒಳಗಿನವಳು ಒಬ್ಬಳೇ.

ನಮ್ಮ ಓಣಿಯ ಹುಡುಗಿಯೊಬ್ಬಳು ಮೊದಲ ಹೆರಿಗೆ ಆಗಿ ಮೂರು ತಿಂಗಳ ಮೇಲೆ ಹೇಳಿದ ಮಾತು ಇದು: "ಅಕ್ಕಾ, ಬ್ಯಾನಿ ತಡಕೋಬಹುದು. ಏನಾಗಾಕತ್ತೈತಿ ಅಂತ ಹೇಳೋರು ಯಾರೂ ಇಲ್ಲದಿದ್ದದ್ದು ತಡಕೊಳ್ಳಾಕ ಆಗಲಿಲ್ಲ." ಅವಳಿಗೂ ಕೂಸಿಗೂ ಏನೂ ತೊಂದರೆ ಆಗಿರಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಅದು 'ಸಹಜ ಹೆರಿಗೆ'. ಆದರೂ ಎರಡನೆಯದು ಬೇಡವೇ ಬೇಡ ಅಂತಾಳೆ ಆಕೆ.

ಈ ಸಲದ ಅಂಕಣ ಅವಳ ಪಕ್ಕ ಇರಬೇಕಾಗಿದ್ದ ಆ ಇನ್ನೊಬ್ಬ ಹೆಂಗಸಿನ ಬಗ್ಗೆ.

ಡೌಲಾ ಅಂದರೆ ಯಾರು?

ಬೆಂಗಳೂರಿನಂಥ ಊರುಗಳಲ್ಲಿ ಈಗ 'ಡೌಲಾ' ಅನ್ನುವ ಮಾತು ಕೇಳಿಬರುತ್ತಿದೆ. ಗ್ರೀಕ್ ಭಾಷೆಯಲ್ಲಿ ಇದರ ಮೂಲ ಅರ್ಥ ಸೇವಕಿ, ದಾಸಿ. ಅಮೆರಿಕದ ಮಾನವಶಾಸ್ತ್ರಜ್ಞೆ ಡಾನಾ ರಾಫೆಲ್ 1973ರಲ್ಲಿ ಎದೆಹಾಲಿನ ಬಗ್ಗೆ ಬರೆದ ಪುಸ್ತಕದಲ್ಲಿ ಈ ಪದ ಬಳಸಿದರು. ಹೊಸ ತಾಯಿಯ ಜೊತೆಗಿದ್ದು ಅವಳನ್ನು ನೋಡಿಕೊಳ್ಳುವ ಹೆಂಗಸಿಗೆ ಒಂದು ಹೆಸರು ಬೇಕಿತ್ತು, ಇದನ್ನು ಇಟ್ಟರು. ಆಮೇಲೆ ಹೆರಿಗೆ ವೇಳೆ ಜೊತೆಗಿರುವವಳಿಗೂ ಅದೇ ಹೆಸರಾಯಿತು.

ಡೌಲಾ ಡಾಕ್ಟರಲ್ಲ, ನರ್ಸೂ ಅಲ್ಲ. ಹೆರಿಗೆ ಮಾಡಿಸುವುದು ಅವಳ ಕೆಲಸವಲ್ಲ. ಇಂಜೆಕ್ಷನ್ ಮುಟ್ಟುವುದಿಲ್ಲ, ಒಳಪರೀಕ್ಷೆ ಮಾಡುವುದಿಲ್ಲ. ಬೇನೆ ಶುರುವಾದಾಗಿನಿಂದ ಕೂಸು ಎದೆಗೆ ಬರುವ ತನಕ ಜಾಗ ಬಿಟ್ಟು ಏಳದೆ ಜೊತೆಗಿರುತ್ತಾಳೆ. ಸೊಂಟ ಒತ್ತುತ್ತಾಳೆ, ನೀರು ಕುಡಿಸುತ್ತಾಳೆ, ಉಸಿರು ಹೇಗೆ ಬಿಡಬೇಕೆಂದು ತಾನೂ ಬಿಟ್ಟು ತೋರಿಸುತ್ತಾಳೆ, ಡಾಕ್ಟರು ಹೇಳಿದ್ದನ್ನು ತಿಳಿಯುವ ಮಾತಿನಲ್ಲಿ ಮತ್ತೊಮ್ಮೆ ಹೇಳುತ್ತಾಳೆ. ಇಷ್ಟೇ.

ಇಷ್ಟರಿಂದ ಏನಾಗುತ್ತದೆ ಅನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಗ್ವಾಟೆಮಾಲಾ ದೇಶದ ಒಂದು ಆಸ್ಪತ್ರೆಯಲ್ಲಿ ಮಾರ್ಷಲ್ ಕ್ಲಾಸ್, ಜಾನ್ ಕೆನೆಲ್ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನ 1980ರಲ್ಲಿ ಪ್ರಕಟವಾಯಿತು. ಮೊದಲ ಸಲ ಹೆರುತ್ತಿದ್ದ ಕೆಲವರ ಪಕ್ಕದಲ್ಲಿ ಪರಿಚಯವೇ ಇಲ್ಲದ ಒಬ್ಬ ಸಾಮಾನ್ಯ ಹೆಂಗಸನ್ನು ಕೂರಿಸಿದರು. ಉಳಿದವರಿಗೆ ಆಸ್ಪತ್ರೆಯ ಮಾಮೂಲಿ ವ್ಯವಸ್ಥೆ. ಒಬ್ಬಂಟಿಯಾಗಿದ್ದವರಿಗೆ ದಾಖಲಾದಾಗಿನಿಂದ ಹೆರಿಗೆಯ ತನಕ ಸರಾಸರಿ 19 ಗಂಟೆ ಹಿಡಿಯಿತು. ಜೊತೆ ಇದ್ದವರಿಗೆ ಸುಮಾರು 9 ಗಂಟೆ. ಔಷಧಿಯಿಲ್ಲ, ಮಷಿನ್ ಇಲ್ಲ, ಒಂದು ಜೊತೆ ಕೈ ಅಷ್ಟೆ.

ಅದು ಒಂದೇ ಆಸ್ಪತ್ರೆಯ ಮಾತಾಯಿತು. 2017ರಲ್ಲಿ ಕಾಕ್ರೇನ್ ಸಂಸ್ಥೆ 17 ದೇಶಗಳ 26 ಅಧ್ಯಯನಗಳನ್ನು, 15 ಸಾವಿರಕ್ಕೂ ಹೆಚ್ಚು ತಾಯಂದಿರ ಮಾಹಿತಿಯನ್ನು ಒಟ್ಟಿಗೆ ನೋಡಿತು. ಬಿಡದೆ ಜೊತೆಗಿರುವವರು ಇದ್ದಾಗ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಬೇನೆಯ ಅವಧಿ ಕಡಿಮೆ, ಆಮೇಲೆ ಹೆರಿಗೆಯನ್ನು ಕೆಟ್ಟ ನೆನಪಾಗಿ ಹೇಳುವವರೂ ಕಡಿಮೆ ಅಂತ ತಿಳಿಯಿತು. ಹೆದರಿದಾಗ ಮೈ ಬಿಗಿಯಾಗುತ್ತದೆ, ಬಿಗಿಯಾದರೆ ನೋವು ಹೆಚ್ಚುತ್ತದೆ, ನೋವು ಹೆಚ್ಚಿದರೆ ಮತ್ತೂ ಹೆದರಿಕೆ. ಹೆದರಿಕೆ ಹೆಚ್ಚಾದಾಗ ಮೈಯಲ್ಲಿ ಏರುವ ಅಡ್ರಿನಾಲಿನ್ ಗರ್ಭಕೋಶದ ಕೆಲಸಕ್ಕೆ ಅಡ್ಡ ಬರುತ್ತದೆ. ಈ ಸುತ್ತನ್ನು ಬಿಡಿಸುವುದು ಧೈರ್ಯದ ಒಂದು ದನಿ. "ಹೆದರಬ್ಯಾಡವ್ವ, ನಾ ಇಲ್ಲೇ ಅದೀನಿ" ಅನ್ನುವ ಮಾತಿಗೆ ಇಷ್ಟು ಶಕ್ತಿ ಇದೆ ಅಂತ ನಮ್ಮ ಅಜ್ಜಿಯರಿಗೆ ಗೊತ್ತಿತ್ತು.

ಸೂಲಗಿತ್ತಿಯ ಎರಡು ಕೆಲಸ

ಡೌಲಾ ಹೊಸ ಹೆಸರು, ಆಕೆಯ ಕೆಲಸ ನಮಗೆ ಹೊಸದಲ್ಲ. ಊರೂರಿಗೂ ಒಬ್ಬ ಸೂಲಗಿತ್ತಿ ಇದ್ದಳು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ನೆನೆಯಿರಿ. ಓದು ಬರಹ ಇಲ್ಲದ ಆ ತಾಯಿ 15 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಒಂದು ಪೈಸೆ ಕೇಳದೆ ಮಾಡಿಸಿದರು. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು.

ಸೂಲಗಿತ್ತಿ ಎರಡು ಕೆಲಸ ಮಾಡುತ್ತಿದ್ದಳು. ಒಂದು, ಕೂಸನ್ನು ಹೊರಗೆ ತರೋದು. ಎರಡು, ತಾಯಿಯ ಜೊತೆಗಿರೋದು. ರಕ್ತ ನಿಲ್ಲದಿದ್ದಾಗ, ಬಿಪಿ ಏರಿ ಫಿಟ್ಸ್ ಬಂದಾಗ, ಕೂಸು ಅಡ್ಡ ನಿಂತಾಗ ಎಷ್ಟೇ ಪಳಗಿದ ಕೈಯಾದರೂ ಮನೆಯಲ್ಲಿ ಏನೂ ಮಾಡುವಂತಿರಲಿಲ್ಲ. ಎಷ್ಟು ಮನೆಗಳಲ್ಲಿ ತೊಟ್ಟಿಲ ಪಕ್ಕ ತಾಯಿ ಇಲ್ಲದೆ ಹೋಯಿತು ಅನ್ನುವುದು ಹಿರಿಯರಿಗೆ ನೆನಪಿದೆ. ಅದಕ್ಕೇ ಹೆರಿಗೆ ಆಸ್ಪತ್ರೆಗೆ ಹೋಯಿತು, ಹೋಗಿದ್ದು ಒಳ್ಳೇದೇ ಆಯಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಶಾ ಅಕ್ಕಂದಿರು ಬಂದರು. 2008ರಲ್ಲಿ 108 ಗಾಡಿ ಬಂತು. 2011ರಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಓಡಾಟ ಎಲ್ಲ ಉಚಿತ ಎಂಬ ಕಾರ್ಯಕ್ರಮ ಬಂತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ನೂರು ಹೆರಿಗೆಗಳಲ್ಲಿ 97 ಆಸ್ಪತ್ರೆಯಲ್ಲೇ ಆಗುತ್ತಿವೆ. ಲಕ್ಷ ಜೀವಂತ ಜನನಕ್ಕೆ ಎಷ್ಟು ತಾಯಂದಿರು ತೀರಿಕೊಳ್ಳುತ್ತಾರೆ ಅನ್ನುವ ಲೆಕ್ಕ 2018–20ರಲ್ಲಿ ನಮ್ಮ ರಾಜ್ಯದಲ್ಲಿ 69ಕ್ಕೆ ಇಳಿದಿತ್ತು.

ಹಾಗಾಗಿ 'ಹಿಂದಿನ ಕಾಲವೇ ಚೆಂದ, ಮನೆಯಲ್ಲೇ ಹೆರೋಣ' ಅನ್ನುವವರ ಮಾತಿಗೆ ನಾನು ಒಪ್ಪುವುದಿಲ್ಲ. ಆದರೆ ಸೂಲಗಿತ್ತಿಯ ಮೊದಲ ಕೆಲಸವನ್ನು ಆಸ್ಪತ್ರೆಗೆ ವಹಿಸುವಾಗ ಎರಡನೇ ಕೆಲಸವನ್ನು ಯಾರಿಗೂ ವಹಿಸಲೇ ಇಲ್ಲ. ಅದು ನಡುದಾರಿಯಲ್ಲಿ ಬಿದ್ದುಹೋಯಿತು. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಸಿಸೇರಿಯನ್ ಪ್ರಮಾಣ ಶೇ 31.5. ಅದಕ್ಕೂ ನಾಲ್ಕೈದು ವರ್ಷ ಹಿಂದೆ ಶೇ 23.6 ಇತ್ತು. ಇದಕ್ಕೆ ಕಾರಣ ಹಲವಾರು. ಅವುಗಳಲ್ಲಿ ಒಂದು, "ಅಯ್ಯೋ ನನ್ನ ಕೈಲಿ ಆಗಲ್ಲ, ಆಪರೇಷನ್ ಮಾಡಿಬಿಡ್ರಿ" ಅಂತ ಒಬ್ಬಳೇ ಮಲಗಿದ ಹುಡುಗಿ ಕೂಗುವುದು. ಬೇಕಾದಾಗ ಸಿಸೇರಿಯನ್ ಜೀವ ಉಳಿಸುತ್ತದೆ. ಹೆದರಿಕೆಗೆ ಮಾತ್ರ ಅದು ಔಷಧಿಯಾಗಬಾರದು.

ನಮ್ಮ ನಾಲ್ಕು ಊರಿನ ಕತೆ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ, ಹಂಪಿ ಈ ಕಡೆಗೆ ಬಂದವು. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ನಕ್ಷೆ ಹೇಗೇ ಇದ್ದರೂ ಗರ್ಭಿಣಿಯ ದಾರಿ ಹೆಚ್ಚು ಬದಲಾಗಿಲ್ಲ. ಊರಿನ ಆರೋಗ್ಯ ಕೇಂದ್ರದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಹೊಸಪೇಟೆಗೆ, ಕೇಸು ಬಿಗಿಯಾದರೆ ತೋರಣಗಲ್ಲು ದಾಟಿ ಅರವತ್ತು ಕಿಲೋಮೀಟರ್ ದೂರದ ಬಳ್ಳಾರಿಗೆ.

ಒಂದೊಂದು ಊರಿನ ಕಷ್ಟ ಒಂದೊಂದು ಥರ. ಸಂಡೂರಿನ ದಾರಿಯಲ್ಲಿ ಅದಿರು ಲಾರಿಗಳ ಸಾಲು. ತಾಂಡಾದಿಂದ ಬಂದ ಲಂಬಾಣಿ ಹೆಣ್ಣುಮಗಳಿಗೆ ಕನ್ನಡ ಚೆನ್ನಾಗೇ ಬರುತ್ತದೆ, ಆದರೆ ಬೇನೆ ಏರಿದಾಗ ಬಾಯಿಗೆ ಬರುವುದು ಮನೆಮಾತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತ ಬೇರೆ ರಾಜ್ಯಗಳಿಂದ ದುಡಿಯಲು ಬಂದವರ ಮನೆಗಳಿವೆ. ಅಲ್ಲಿನ ಹೆಂಡತಿಯರಿಗೆ ತವರು ಸಾವಿರಾರು ಕಿಲೋಮೀಟರ್ ದೂರ. ಗಂಡ ಶಿಫ್ಟಿಗೆ ಹೋದರೆ ಜೊತೆಗೆ ಬರಲು ಪಕ್ಕದ ಮನೆಯವಳೇ ಗತಿ.

ಕಂಪ್ಲಿಯವರಿಗೆ ಹೊಳೆಯದೇ ಚಿಂತೆ. ಹೊಳೆಯಾಚೆ ಗಂಗಾವತಿ ಕಡೆ ತವರು ಇರುವವರು ಬಹಳ ಮಂದಿ. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನಿಂದ ಜೋರು ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗಿ ಓಡಾಟ ಬಂದ್. ತಾಯಿ ಆ ದಡದಲ್ಲಿ, ಮಗಳು ಈ ದಡದಲ್ಲಿ. ಹಂಪಿ, ಕಮಲಾಪುರ, ಕಡ್ಡಿರಾಂಪುರದವರಿಗೆ ಹೊಸಪೇಟೆ ಹತ್ತಿರವೇ. ಜಾತ್ರೆ, ಉತ್ಸವದ ದಿನಗಳಲ್ಲಿ ಮಾತ್ರ ಆ ಹದಿಮೂರು ಕಿಲೋಮೀಟರೂ ದೂರವಾಗುತ್ತದೆ.

ಜೊತೆ ತಪ್ಪುವುದು ಹೆಚ್ಚಾಗಿ ರೆಫರ್ ಮಾಡುವ ಗಳಿಗೆಯಲ್ಲೇ. ಸಂಡೂರಿನಲ್ಲೋ ಕಂಪ್ಲಿಯಲ್ಲೋ ಪರಿಚಯದ ಸಿಸ್ಟರ್ ಇರುತ್ತಾರೆ, ಆಶಾ ಇರುತ್ತಾರೆ. ಬಳ್ಳಾರಿ ಮುಟ್ಟುವ ಹೊತ್ತಿಗೆ ಎಲ್ಲರೂ ಹೊಸ ಮುಖ. ಈ ಹುಡುಗಿಗೆ ಬೇನೆ ಯಾವಾಗ ಶುರುವಾಯಿತು, ನೀರು ಯಾವಾಗ ಒಡೆಯಿತು, ಯಾವ ಇಂಜೆಕ್ಷನ್ ಕೊಟ್ಟಿದ್ದಾರೆ, ಹಿಮೋಗ್ಲೋಬಿನ್ ಎಷ್ಟಿತ್ತು ಅಂತ ಗೊತ್ತಿರುವ ಒಬ್ಬರು ಜೊತೆಗಿದ್ದರೆ ಡಾಕ್ಟರಿಗೂ ಎಷ್ಟು ಅನುಕೂಲ, ಯೋಚನೆ ಮಾಡಿ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಹಾಸಿಗೆ ಹಿಡಿದರು. ಐವರು ತೀರಿಕೊಂಡರು. ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂತು, ಸರ್ಕಾರ ಆ ಕಂಪನಿಯ ದ್ರಾವಣ ಬಳಸುವುದನ್ನು ನಿಲ್ಲಿಸಿತು. ನಮ್ಮ ಮನೆಗಳಲ್ಲಿ ಆ ಹೆದರಿಕೆ ಇನ್ನೂ ಆರಿಲ್ಲ. ಪಕ್ಕದಲ್ಲಿ ಕೂತ ಜೊತೆಗಾತಿ ಕೆಟ್ಟ ಔಷಧಿಯನ್ನು ತಡೆಯಲಾರಳು. ಅದು ಸರ್ಕಾರದ, ಔಷಧ ನಿಯಂತ್ರಣದವರ ಹೊಣೆ, ಅವರನ್ನು ಕೇಳುವುದನ್ನು ನಾವು ಬಿಡಬಾರದು. ಹಾಗಂತ ಹೆದರಿ ಆಸ್ಪತ್ರೆಯಿಂದಲೇ ದೂರ ಉಳಿದರೆ ಅಪಾಯ ಇನ್ನೂ ದೊಡ್ಡದು. ಹೋದ ನಂಬಿಕೆ ಮತ್ತೆ ಬರಬೇಕಾದರೆ ಆಸ್ಪತ್ರೆಯ ಬಾಗಿಲು ನಮ್ಮವರಿಗೆ ಒಂದಿಷ್ಟು ತೆರೆಯಬೇಕು. ಒಳಗೆ ಏನು ನಡೆಯುತ್ತಿದೆ ಅಂತ ಮನೆಯ ಒಬ್ಬ ಹೆಂಗಸು ಕಣ್ಣಾರೆ ನೋಡಿದರೆ ಗಾಳಿಮಾತು ಕಡಿಮೆಯಾಗುತ್ತದೆ, ಒಳ್ಳೆ ಸಿಸ್ಟರ್ ಎಷ್ಟು ದುಡಿಯುತ್ತಾಳೆ ಅನ್ನುವುದೂ ಹೊರಗೆ ಬರುತ್ತದೆ.

ಬಿಡಬೇಕು ಅಂತ ಸರ್ಕಾರವೇ ಹೇಳಿದೆ

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ವೇಳೆ ಜೊತೆಗೆ ಒಬ್ಬರು ಇರಬಹುದು ಅಂತ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಜೊತೆಗಿರುವವಳು ಹೆರಿಗೆ ಕಂಡ ಹೆಂಗಸಾಗಿರಬೇಕು. ಅಂಟುರೋಗ ಇರಬಾರದು, ಬಟ್ಟೆ ಶುಚಿಯಾಗಿರಬೇಕು. ಕೊನೇ ತನಕ ಜೊತೆಗೇ ಇರಬೇಕು. ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು, ಕೋಣೆಯಲ್ಲಿರುವ ಬೇರೆ ಗರ್ಭಿಣಿಯರ ಕಡೆ ಹೋಗಬಾರದು. ಮರೆಯ ವ್ಯವಸ್ಥೆ ಇರುವ ಆಸ್ಪತ್ರೆಯಾದರೆ ಗಂಡನೂ ಇರಬಹುದು. 2017ರ ಡಿಸೆಂಬರಿನಲ್ಲಿ ಶುರುವಾದ 'ಲಕ್ಷ್ಯ' ಕಾರ್ಯಕ್ರಮವೂ ಹೆರಿಗೆ ಕೋಣೆಗಳನ್ನು ಸುಧಾರಿಸಿ ತಾಯಿಯನ್ನು ಗೌರವದಿಂದ ನೋಡಿಕೊಳ್ಳಬೇಕು ಅನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಸಲಹೆಗಳಲ್ಲೂ ತಾಯಿಗೆ ಬೇಕಾದವರು ಜೊತೆಗಿರಲಿ, ತೊಂದರೆ ಇಲ್ಲದವಳು ಓಡಾಡಲಿ, ನೀರು ಕುಡಿಯಲಿ ಅಂತಲೇ ಇದೆ. ಪಕ್ಕದ ತಮಿಳುನಾಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಎರಡು ದಶಕದ ಹಿಂದೆಯೇ ಈ ಪದ್ಧತಿ ತಂದಿದ್ದರು.

ಹಾಗಾದರೆ ಎಷ್ಟೋ ಕಡೆ ಇನ್ನೂ ಯಾಕೆ ಬಿಡಲ್ಲ? ಕಾರಣ ಇಲ್ಲದಿಲ್ಲ. ಒಂದೇ ಕೋಣೆಯಲ್ಲಿ ಮೂರು ನಾಲ್ಕು ಟೇಬಲ್, ನಡುವೆ ಪರದೆ ಇಲ್ಲ. ಒಬ್ಬರನ್ನು ಬಿಟ್ಟರೆ ಐದು ಜನ ನುಗ್ಗುತ್ತಾರೆ ಅನ್ನುವ ಭಯ. ನಮ್ಮವರೂ ಕಡಿಮೆಯಿಲ್ಲ: ಒಳಗೆ ಹೋಗಿ ಅಳುತ್ತಾ ಕೂರುವವರು, "ಇನ್ನೂ ಎಷ್ಟೊತ್ತು?" ಅಂತ ಸಿಸ್ಟರನ್ನು ಕಾಡುವವರು, ಮೊಬೈಲಿನಲ್ಲಿ ಫೋಟೋ ತೆಗೆಯುವವರು. ಹಾಗಾಗಿ ಬಾಗಿಲು ತೆರೆಯಿರಿ ಅಂತ ಕೇಳುವ ಮೊದಲು ಒಳಗೆ ಹೋಗುವವರನ್ನು ನಾವು ತಯಾರು ಮಾಡಬೇಕು.

ಜೊತೆಗಾತಿ ಕಲಿಯಬೇಕಾದದ್ದು

ಇದಕ್ಕೆ ಡಿಗ್ರಿ ಬೇಕಿಲ್ಲ. ಎರಡು ಮೂರು ಮಧ್ಯಾಹ್ನ ಕೂತು ಕಲಿತರೆ ಸಾಕು.

ಮೊದಲನೆಯದು ಮಾತು. "ನಾವೆಲ್ಲ ಹೆತ್ತಿಲ್ಲೇನು, ಸುಮ್ಮನಿರು" ಅನ್ನಬಾರದು. "ಈ ಬ್ಯಾನಿ ಬಂತು, ಹೋತು. ಮುಂದಿಂದು ಬರೋ ತನಕ ಮೈ ಸಡಿಲ ಬಿಡು" ಅನ್ನಬೇಕು. ಬೇನೆ ಅಲೆಯ ಹಾಗೆ ಏರಿ ಇಳಿಯುತ್ತದೆ ಅಂತ ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತದೆ.

ಎರಡನೆಯದು ಕೈ. ಬೇನೆ ಬಂದಾಗ ಸೊಂಟದ ಕೆಳಭಾಗವನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯುವುದು, ಹೋದಾಗ ಬೆನ್ನು ಸವರುವುದು. ಹಣೆಗೆ ತಣ್ಣೀರು ಬಟ್ಟೆ. ಸಿಸ್ಟರ್ ಒಪ್ಪಿದರೆ ನಾಲ್ಕು ಹೆಜ್ಜೆ ನಡೆಸುವುದು, ಎಡಕ್ಕೆ ಹೊರಳಿಸಿ ಮಲಗಿಸುವುದು, ಆಗಾಗ ಎರಡು ಗುಟುಕು ನೀರು, ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಕರೆದೊಯ್ಯುವುದು.

ಮೂರನೆಯದು ಕಣ್ಣು. ರಕ್ತ ಜಾಸ್ತಿ ಹೋಗುತ್ತಿದೆಯಾ, ತಲೆ ಸಿಡಿಯುತ್ತಿದೆ, ಕಣ್ಣು ಮಂಜು ಅನ್ನುತ್ತಿದ್ದಾಳಾ, ನಡುಕ ಬಂತಾ, ಕೂಸಿನ ಮಿಸುಕಾಟ ನಿಂತಂತಿದೆಯಾ, ನೀರು ಹಸಿರು ಬಣ್ಣ ಇದೆಯಾ. ಕಂಡ ಕೂಡಲೇ ಸಿಸ್ಟರಿಗೆ ಹೇಳಬೇಕು. ಒಮ್ಮೆ ಹೇಳಿ ಸುಮ್ಮನಾಗದೆ ಅವರು ಬರುವ ತನಕ ಹೇಳಬೇಕು.

ಮಾಡಬಾರದ್ದೂ ಇದೆ. ಬೇಗ ಆಗಲಿ ಅಂತ ಹೊಟ್ಟೆ ಒತ್ತಬಾರದು. ಮನೆಯಿಂದ ತಂದ ಕಷಾಯ, ಹರಳೆಣ್ಣೆ ಗುಟ್ಟಾಗಿ ಕುಡಿಸಬಾರದು. ಬೇನೆ ಬರಿಸುವ ಇಂಜೆಕ್ಷನ್ ಹೊರಗಿನವರಿಂದ ಹಾಕಿಸಬಾರದು. ಸಿಸೇರಿಯನ್ ಬೇಕು ಅಂತ ಡಾಕ್ಟರು ಹೇಳಿದಾಗ ಯಾಕೆ ಅಂತ ಒಂದು ಮಾತು ಕೇಳಿ ತಿಳಿದುಕೊಳ್ಳಬಹುದು, ಜಗಳ ತೆಗೆಯಬಾರದು. ಆಪರೇಷನ್ ಥಿಯೇಟರ್ ಬಾಗಿಲ ತನಕ ಕೈ ಹಿಡಿದು ಹೋಗುವುದು, ಹೊರಬಂದಾಗ ಮೊದಲು ಕಾಣುವ ಮುಖವಾಗುವುದು, ಅದೂ ಜೊತೆಗಾತಿಯದೇ ಕೆಲಸ.

ಕೂಸು ಹುಟ್ಟಿದ ಮೊದಲ ಒಂದು ಗಂಟೆ ಬಹಳ ಮುಖ್ಯ. ತಾಯಿಯ ಎದೆಯ ಮೇಲೆ ಮೈಗೆ ಮೈ ತಾಗಿಸಿ ಮಲಗಿಸಬೇಕು, ಹಳದಿ ಬಣ್ಣದ ಮೊದಲ ಹಾಲು ಕುಡಿಸಬೇಕು. ಹೊರಗೆ ಕಾಯುತ್ತಿರುವ ಬಳಗಕ್ಕೆ ತೋರಿಸುವ ಅವಸರದಲ್ಲಿ ಕೂಸನ್ನು ಕಿತ್ತುಕೊಂಡು ಹೋಗುವುದನ್ನು ತಡೆಯಲು ಒಳಗೊಬ್ಬಳು ಗಟ್ಟಿಗಿತ್ತಿ ಬೇಕೇಬೇಕು.

ಬಾಣಂತನ: ಇಟ್ಟುಕೊಳ್ಳುವುದು, ಬಿಡುವುದು

ಜೊತೆಗಾತಿಯ ಕೆಲಸ ಮನೆಗೆ ಬಂದ ಮೇಲೂ ಮುಗಿಯುವುದಿಲ್ಲ. ನಮ್ಮ ಬಾಣಂತನದಲ್ಲಿ ಒಳ್ಳೇದು ಬಹಳ ಇದೆ. ತವರಲ್ಲಿ ವಿಶ್ರಾಂತಿ, ಎಣ್ಣೆ ನೀರು, ಅಂಟಿನುಂಡಿ, ಆಳ್ವಿ ಪಾಯಸ, ಸಬ್ಬಸಿಗೆ ಪಲ್ಯ, ಐದನೇ ದಿನ ಸೆಟಿಗೆವ್ವನ ಪೂಜೆಗೆ ಓಣಿಯ ಹೆಂಗಸರೆಲ್ಲ ಸೇರುವುದು. ದುಡ್ಡು ಕೊಟ್ಟು ಹೊರಗಿನವರು ಪಡೆಯುವ ಸೇವೆ ನಮ್ಮಲ್ಲಿ ಅವ್ವನ ಮನೆಯಲ್ಲೇ ಇತ್ತು. ಇವನ್ನು ಇಟ್ಟುಕೊಳ್ಳೋಣ.

ಬಿಡಬೇಕಾದದ್ದೂ ಇದೆ. ಹೊಟ್ಟೆ ಬರುತ್ತದೆ ಅಂತ ನೀರು ಕೊಡದೆ ಇರುವುದು. ಹೊರಸಿನ ಕೆಳಗೆ ಕೆಂಡ ಇಟ್ಟು ಬಾಗಿಲು ಕಿಟಕಿ ಮುಚ್ಚುವುದು. ಆ ಹೊಗೆ ತಾಯಿಗೂ ಕೂಸಿಗೂ ಕೆಟ್ಟದು. ಕೂಸಿಗೆ ಜೇನು, ಸಕ್ಕರೆ ನೀರು ನೆಕ್ಕಿಸುವುದು. ಹಣ್ಣು, ಸೊಪ್ಪು, ಬೇಳೆ ನಂಜು ಅಂತ ಬರೀ ಅನ್ನ ಸಾರಿನಲ್ಲಿ ತಿಂಗಳು ಕಳೆಯುವುದು. ರಕ್ತಹೀನತೆಯಿಂದ ಬಿಳುಚಿದ ಬಾಣಂತಿಗೆ ಪಥ್ಯದ ಹೆಸರಲ್ಲಿ ಉಪವಾಸ ಮಾಡಿಸಿದರೆ ಚೇತರಿಕೆ ಎಲ್ಲಿಂದ ಬರಬೇಕು?

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಅಕ್ಕ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ತಾಯಿ-ಕೂಸನ್ನು ನೋಡಬೇಕು. ತವರಿಗೆ ಹೋದರೆ ಅಲ್ಲಿನ ಆಶಾಗೆ ಮೊದಲ ದಿನವೇ ತಿಳಿಸಿ. ಎಷ್ಟೋ ಬಾಣಂತಿಯರು ಗಂಡನ ಊರಿನ ಪಟ್ಟಿಯಲ್ಲೂ ಇಲ್ಲ, ತವರೂರಿನ ಪಟ್ಟಿಯಲ್ಲೂ ಇಲ್ಲ ಅನ್ನುವಂತೆ ಆಗುತ್ತದೆ. ಜ್ವರ, ಕೆಟ್ಟ ವಾಸನೆಯ ಸ್ರಾವ, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ, ಕಾಲಿನ ಮೀನಖಂಡದಲ್ಲಿ ಊತ-ನೋವು, ಏದುಸಿರು, ತೀರದ ತಲೆನೋವು ಕಂಡರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಮನಸ್ಸಿನದೂ ಅಷ್ಟೇ. ಹೆರಿಗೆಯಾದ ಮೊದಲ ವಾರ ಸುಮ್ಮಸುಮ್ಮನೆ ಅಳು ಬರುವುದು ಸಹಜ. ಎರಡು ವಾರ ಕಳೆದರೂ ನಿದ್ದೆ ಬಾರದೆ, ಕೂಸಿನ ಮೇಲೆ ಮನಸ್ಸೇ ಇಲ್ಲದೆ, ಬದುಕು ಬೇಡ ಅನ್ನುವಂತಾದರೆ ಅದು ಕಾಯಿಲೆ, ಸೊಕ್ಕಲ್ಲ. ಹಿಂದೆ 'ಬಾಣಂತಿ ಸನ್ನಿ' ಅಂತ ದೇವರ ಗುಡಿಗೆ ಕರೆದೊಯ್ಯುತ್ತಿದ್ದರು. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಕೂಸನ್ನು ಅಗಲಿಸದೆ ಒಟ್ಟಿಗೇ ಇಟ್ಟು ಚಿಕಿತ್ಸೆ ಕೊಡುವ ವಿಭಾಗವೇ ಇದೆ. ಬೆಂಗಳೂರು ದೂರವಾದರೆ ಮೊದಲು 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಸಹಾಯವಾಣಿ ಅದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಾವು ಏನು ಮಾಡಬಹುದು?

ಡೌಲಾ ದುಡ್ಡಿದ್ದವರಿಗೆ ಮಾತ್ರ ಸಿಗುವ ಸೌಕರ್ಯ ಆಗಬಾರದು. ಸಂಡೂರಿನ ತಾಂಡಾದ ಹುಡುಗಿಗೂ, ಕಂಪ್ಲಿಯ ಭತ್ತದ ಗದ್ದೆಯಲ್ಲಿ ನಾಟಿ ಮಾಡುವವಳಿಗೂ ಅದು ಸಿಗಬೇಕು. ಅದಕ್ಕೆ ಬೇಕಾದ ಹೆಂಗಸರು ನಮ್ಮಲ್ಲೇ ಇದ್ದಾರೆ.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವಿಶೇಷ ತಪಾಸಣೆ ಇರುತ್ತದೆ. ಸರದಿಗೆ ಕಾಯುವ ಹೊತ್ತಿನಲ್ಲಿ ಗರ್ಭಿಣಿ ಮತ್ತು ಅವಳ ಜೊತೆ ಬರುವ ಹೆಂಗಸು ಇಬ್ಬರನ್ನೂ ಕೂರಿಸಿ ಅರ್ಧ ಗಂಟೆ ತರಬೇತಿ ಕೊಡಬಹುದು. ಹೆರಿಗೆ ಕೋಣೆಯನ್ನು ಒಮ್ಮೆ ತೋರಿಸಬಹುದು. ಮೊದಲೇ ನೋಡಿದ ಕೋಣೆ ಆಮೇಲೆ ಅಷ್ಟು ಹೆದರಿಸುವುದಿಲ್ಲ.

ಸ್ತ್ರೀಶಕ್ತಿ ಸಂಘಗಳು ಓಣಿಗೆ ಇಬ್ಬರಂತೆ ಧೈರ್ಯವಂತ ಹೆಂಗಸರನ್ನು ಆರಿಸಿ ಹೆಸರು ಬರೆದಿಡಬಹುದು. ತವರಿಲ್ಲದವರಿಗೆ, ಸೇತುವೆ ಮುಳುಗಿ ಅವ್ವ ಬರಲಾಗದವರಿಗೆ ಇವರೇ ಅವ್ವ. ಹಳೆಯ ಸೂಲಗಿತ್ತಿಯರು, ದಾಯಿಯರು ಇನ್ನೂ ಗಟ್ಟಿಯಾಗಿದ್ದರೆ ಅವರಿಗಿಂತ ಒಳ್ಳೆ ಗುರು ಯಾರು? ಹೆರಿಗೆ ಮಾಡಿಸುವುದು ಬೇಡ, ಜೊತೆಗಿರುವುದನ್ನು ಅವರಿಂದ ಕಲಿಯೋಣ. ಇದನ್ನೂ ಆಶಾ ಅಕ್ಕಂದಿರ ತಲೆಗೇ ಕಟ್ಟುವುದಾದರೆ ಅದಕ್ಕೆ ಸರಿಯಾದ ಗೌರವಧನ ಕೊಡಬೇಕು. ಅವರ ಹೆಗಲು ಈಗಾಗಲೇ ಭಾರವಾಗಿದೆ.

ಆಸ್ಪತ್ರೆಯಿಂದ ಕೇಳಬೇಕಾದದ್ದು ದೊಡ್ಡದೇನಲ್ಲ. ಟೇಬಲ್ಲುಗಳ ನಡುವೆ ಪರದೆ, ಪಕ್ಕದಲ್ಲಿ ಒಂದು ಸ್ಟೂಲು, ಜೊತೆಗಾತಿಗೆ ತೊಡಲು ಒಗೆದ ಗೌನು ಮತ್ತು ಚಪ್ಪಲಿ, 'ಹೆರಿಗೆ ವೇಳೆ ಒಬ್ಬ ಮಹಿಳೆ ಜೊತೆಗಿರಬಹುದು' ಅಂತ ಬಾಗಿಲಿಗೆ ಕನ್ನಡದಲ್ಲಿ ಒಂದು ಬೋರ್ಡು. ರೆಫರ್ ಮಾಡಿದಾಗ 108 ಗಾಡಿಯಲ್ಲಿ ಜೊತೆಗಾತಿಗೂ ಜಾಗ. ಊರಿನ ದಾನಿಗಳು ಗುಡಿಗೆ ಗಂಟೆ ಕೊಟ್ಟಂತೆ ಆಸ್ಪತ್ರೆಗೆ ಪರದೆ ಕೊಟ್ಟರೂ ಪುಣ್ಯವೇ. ಇದರ ಮುಂದಿನ ಹೆಜ್ಜೆ ತರಬೇತಾದ ಮಿಡ್‌ವೈಫ್‌ಗಳು. 2018ರಲ್ಲಿ ಕೇಂದ್ರ ಸರ್ಕಾರ ನರ್ಸ್‌ಗಳಿಗೆ 18 ತಿಂಗಳ ಮಿಡ್‌ವೈಫ್ ತರಬೇತಿಯ ಮಾರ್ಗಸೂಚಿ ಹೊರಡಿಸಿತು, ಅದಕ್ಕೂ ಮೊದಲೇ ತೆಲಂಗಾಣ ಶುರು ಮಾಡಿತ್ತು. ನಮ್ಮ ಎರಡೂ ಜಿಲ್ಲೆಗಳ ಆಸ್ಪತ್ರೆಗಳಿಗೂ ಅಂಥವರು ಬರಲಿ ಅಂತ ನಮ್ಮ ಶಾಸಕರನ್ನು ಕೇಳೋಣ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೋ ಓಣಿಯಲ್ಲೋ ಒಬ್ಬಳು ಬಸುರಿ ಇರಬಹುದು. ಮುಂದಿನ ತಪಾಸಣೆಗೆ ಹೋದಾಗ "ಹೆರಿಗೆ ವೇಳೆ ಯಾರಾದರೂ ಒಬ್ಬರು ಒಳಗೆ ಇರಬಹುದಾ ಸಿಸ್ಟರ್?" ಅಂತ ಕೇಳಿ ನೋಡಿ. ಮನೆಗೆ ಬಂದು ಎರಡು ಹೆಸರು ಆರಿಸಿ: ಒಬ್ಬರು ಜೊತೆಗಿರಲು, ಅವರು ಬರಲಾಗದಿದ್ದರೆ ಇನ್ನೊಬ್ಬರು. ಆರಿಸುವ ಹಕ್ಕು ಅತ್ತೆಯದಲ್ಲ, ಗಂಡನದಲ್ಲ, ಹೆರುವವಳದು. ಆ ಎರಡು ಹೆಸರು, ಫೋನ್ ನಂಬರು ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನ ಒಳಗಿಡಿ.